ಅಪ್ಪ ಕೇಳಿದ ಕೌಲು

ಬೀರಪ್ಪನ ಒಕ್ಕಲಿನವರಿಗೆ, ಅರಿಶಿನದ ಭಂಡಾರ ಹಚ್ಚಿದ ಎಲ್ಲ ಹಣೆಗಳಿಗೆ ಮೊದಲು ಕೈ ಮುಗಿಯುತ್ತೇನೆ. ಗುಡಿಯಿಂದ ತೆಗೆಯುವ ಪುಸ್ತಕಕ್ಕೆ ನಿನ್ನದೂ ಒಂದು ಅನುಭವ ಬರೆದುಕೊಡು ಎಂದು ಪೂಜಾರಿ ಕಾಕಾ ಮೂರು ಸಲ ಹೇಳಿದರು. ಎರಡು ಸಲ ತಪ್ಪಿಸಿಕೊಂಡೆ. ಇಂಥ ಪುಸ್ತಕದಲ್ಲಿ ಬರೆಯುವವರೆಲ್ಲ ದೇವರಿಗೆ ಒಂದು ದಿನವೂ ಎದುರು ಮಾತಾಡದವರು. ನಾನು ಎಂಟು ವರ್ಷ ಬೀರಪ್ಪನನ್ನು ಬಾಯಿಗೆ ಬಂದ ಹಾಗೆ ಬೈದವಳು. ಅದನ್ನು ಮುಚ್ಚಿಡದೆ ಬರೆಯುವುದಾದರೆ ಮಾತ್ರ ಬರೆಯುತ್ತೇನೆ ಎಂದೆ. "ಬರಿಯವ್ವಾ, ಬೈಗಳ ಅಂವಗೇನ್ ಹೊಸಾದಲ್ಲ," ಎಂದರು ಕಾಕಾ.

ನನ್ನ ಹೆಸರು ಮಾಯವ್ವ, ಶಾಲೆಯ ಕಾಗದದಲ್ಲಿ ಮಾಯಾ. ಗಡಿಯಾಚೆಯ ಮರಾಠಿ ಸೀಮೆಯ ದೇವಣಿ ತಾಲೂಕಿನ ವಲಾಂಡಿ ನಮ್ಮೂರು. ಅಪ್ಪ ಸಿದ್ದಪ್ಪ ಕುರಿ ಕಾಯುತ್ತಾನೆ, ಸ್ವಲ್ಪ ಹೊಲವೂ ಇದೆ. ಹೋದ ವರ್ಷ ಶ್ರಾವಣದವರೆಗೆ ನಾನು ಉಮರ್ಗಾದ ಒಂದು ಖಾಸಗಿ ಆಸ್ಪತ್ರೆಯ ಆಂಬುಲೆನ್ಸಿನಲ್ಲಿ ಕೆಲಸಕ್ಕಿದ್ದೆ. ಏನು ಕೆಲಸ ಎಂದು ಕೇಳಿದರೆ ಹೇಳುವುದು ಕಷ್ಟ. ಲಾತೂರಿನಲ್ಲಿ ಒಂದು ವರ್ಷ ತುರ್ತು ಚಿಕಿತ್ಸೆಯ ಕೋರ್ಸು ಕಲಿತವಳು ನಾನು. ಉಸಿರು ನಿಂತವರ ಎದೆ ಒತ್ತುವುದು, ಹರಿಯುವ ರಕ್ತ ಕಟ್ಟುವುದು, ಮುರಿದ ಕೈಕಾಲು ಅಲುಗದಂತೆ ಬಿಗಿಯುವುದು ಎಲ್ಲ ಬರುತ್ತದೆ. ಆದರೆ ಕೊರಳಿನ ಕಾರ್ಡಿನಲ್ಲಿ ಬರೆದದ್ದು "ಅಟೆಂಡಂಟ್" ಎಂದು. ಅಂದರೆ ಗಾಡಿ ಒರೆಸುವುದು, ಆಕ್ಸಿಜನ್ ಸಿಲಿಂಡರ್ ಬದಲಿಸುವುದು, ಸ್ಟ್ರೆಚರ್ ಹಿಡಿಯುವುದು, ರೋಗಿ ಇಲ್ಲದ ಹೊತ್ತಿನಲ್ಲಿ ಆಫೀಸಿಗೆ ಚಹಾ ತಂದುಕೊಡುವುದು.

ಸರ್ಕಾರಿ ಗಾಡಿಗೆ ಹೋಗೋಣವೆಂದರೆ ಅಲ್ಲಿ ಡಾಕ್ಟರೇ ಬೇಕು. ಸೋಲಾಪುರದಲ್ಲಿ ಒಮ್ಮೆ ಸಂದರ್ಶನಕ್ಕೆ ಹೋದಾಗ ಗುಮಾಸ್ತ ನನ್ನ ಡಿಪ್ಲೊಮಾವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಹೇ ಕಾಯ್ ಆಹೆ?" ಎಂದ. ಇದೇನಿದು ಎಂದು ಕೇಳಿದ್ದು. ಅಷ್ಟೊತ್ತಿಗೆ ನನಗೂ ಅದೇ ಪ್ರಶ್ನೆ ಇತ್ತು. ನಿಲಂಗಾದಲ್ಲಿ ನನ್ನ ಜೊತೆ ಹನ್ನೆರಡನೆಯ ತರಗತಿ ಓದಿದ ಸುನೀತಾ ನರ್ಸಿಂಗ್ ಮುಗಿಸಿ ನಮ್ಮದೇ ಆಸ್ಪತ್ರೆಗೆ ಬಂದಳು. ಮೊದಲ ವಾರ ಗಾಡಿಯ ಸಾಮಾನು ಎಲ್ಲೆಲ್ಲಿದೆ ಎಂದು ನಾನೇ ತೋರಿಸಿಕೊಟ್ಟೆ. ಎರಡನೆಯ ವಾರದಿಂದ ಅವಳ ಸಹಿ ಇಲ್ಲದೆ ನನಗೆ ಒಂದು ಹತ್ತಿಯ ಉಂಡೆ ಸಿಗದಂತಾಯಿತು. ಅವಳು ಕೆಟ್ಟವಳಲ್ಲ, ಪಾಪ. ಆದರೂ ಅವಳು "ಮಾಯಾ, ಜರಾ ಈ ಕಡಿ ಬಾ" ಎಂದು ಕರೆದಾಗಲೆಲ್ಲ ಕೇಳಿಸದವಳ ಹಾಗೆ ಗಾಡಿಯನ್ನು ಇನ್ನೊಮ್ಮೆ ಒರೆಸಿಯೇ ಹೋಗುತ್ತಿದ್ದೆ.

ಗಂಡಿನ ಕಡೆಯವರು ನೋಡಲು ಬಂದಾಗಲೂ ಇದೇ ಗೋಳು. "ಹುಡುಗಿ ಸಿಸ್ಟರ್ ಏನ್ರಿ?" ಎಂದು ಕೇಳುತ್ತಿದ್ದರು. ಅಲ್ಲ ಎನ್ನಬೇಕು. "ಹಂಗಾದ್ರ ಗಾಡ್ಯಾಗ ಏನ್ ಮಾಡ್ತಾಳ?" ಎನ್ನುತ್ತಿದ್ದರು. ಅವ್ವ ತಲೆ ತಗ್ಗಿಸಿ ಚುರುಮುರಿಯ ತಾಟು ಮುಂದೆ ಸರಿಸುತ್ತಿದ್ದಳು. ಆಮೇಲೆ ಆ ಮನೆಯಿಂದ ಫೋನು ಬರುತ್ತಿರಲಿಲ್ಲ.

ಬೀರಪ್ಪನ ಮೇಲೆ ಸಿಟ್ಟು ಯಾಕೆಂದರೆ, ಈ ಕೋರ್ಸಿಗೆ ನನ್ನನ್ನು ಕಳಿಸಿದವನು ಅವನೇ ಎಂದು ನಾನು ನಂಬಿದ್ದೆ. ಹನ್ನೆರಡನೆಯ ತರಗತಿಯ ಫಲಿತಾಂಶ ಬಂದಾಗ ಕೈಯಲ್ಲಿ ಎರಡು ಕಾಗದ ಇದ್ದವು. ಒಂದು ಉದಗೀರದ ನರ್ಸಿಂಗ್ ಕಾಲೇಜಿನದು, ಮೂರು ವರ್ಷದ ಓದು. ಇನ್ನೊಂದು ಲಾತೂರಿನ ಎಮರ್ಜೆನ್ಸಿ ಕೋರ್ಸಿನದು, ಒಂದೇ ವರ್ಷ, ಓದು ಮುಗಿದ ಕೂಡಲೇ ನೌಕರಿ ಎಂದು ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದರು. ಶಾಲೆಯ ಮಾಸ್ತರರು ನರ್ಸಿಂಗ್ ಎಂದರು. ನನಗೆ ಸೈರನ್ ಹಾಕಿಕೊಂಡು ಓಡುವ ಗಾಡಿಯ ಮೇಲೆ ಆಸೆ. ಮನೆಯಲ್ಲಿ ದಿನಾ ಜಗಳವಾಗಿ ಕೊನೆಗೆ ದೇವರಿಗೆ ಬಿಡುವುದೆಂದು ತೀರ್ಮಾನವಾಯಿತು.

ಕೌಲು ಹಚ್ಚುವುದು, ಅಂದರೆ ಹೂವಿನಿಂದ ದೇವರ ಅಪ್ಪಣೆ ಕೇಳುವುದು, ಹೇಗೆಂದು ಒಕ್ಕಲಿನವರಿಗೆ ಹೇಳಬೇಕಾಗಿಲ್ಲ. ಹೊರಗಿನವರು ಯಾರಾದರೂ ಓದಿದರೆ ತಿಳಿಯಲಿ ಎಂದು ಬರೆಯುತ್ತೇನೆ. ಪೂಜಾರಿ ದೇವರ ಎರಡೂ ಭುಜಕ್ಕೆ ಒದ್ದೆ ಹೂವಿನ ಎಸಳು ಅಂಟಿಸುತ್ತಾನೆ. ಮನೆಯ ಹಿರಿಯ ಗಂಡಸು ಮಿಂದು, ಹೆಗಲಿಗೆ ಕಂಬಳಿ ಹಾಕಿಕೊಂಡು ಎದುರು ನಿಂತು ಮನಸ್ಸಿನಲ್ಲೇ ಕೇಳಬೇಕು. ಬಲದ ಎಸಳು ಬಿದ್ದರೆ ಹೌದು, ಎಡದ್ದು ಬಿದ್ದರೆ ಅಲ್ಲ. ಏನು ಕೇಳಿದೆ ಎಂಬುದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹೇಳಿದರೆ ಕೊಟ್ಟ ಕೌಲು ಹೋಗುತ್ತದೆ ಎಂಬುದು ನಮ್ಮ ಮನೆಯ ನಂಬಿಕೆ.

ಬಲಕ್ಕೆ ಬಿದ್ದರೆ ಎಮರ್ಜೆನ್ಸಿ, ಎಡಕ್ಕೆ ಬಿದ್ದರೆ ನರ್ಸಿಂಗ್ ಎಂದು ಅಪ್ಪನಿಗೆ ಹೇಳಿಕೊಟ್ಟವಳು ನಾನು. ಮೂರು ಸಲ ಅವನ ಬಾಯಿಂದ ಹೇಳಿಸಿದೆ. "ಬಲಕ್ಕ ಅಮರ್ಜಿನ್ಶಿ, ಎಡಕ್ಕ ನರಸಿಂಗ," ಎಂದು ಗೊಣಗುತ್ತಾ ಅವನು ಗುಡಿಯ ಕಡೆ ಹೋದ. ಹೆಣ್ಣುಮಕ್ಕಳು ಮನೆಯಲ್ಲೇ ಕಾಯುತ್ತಿದ್ದೆವು. ಹೊತ್ತೇರುವ ಹೊತ್ತಿಗೆ ಹಣೆತುಂಬ ಭಂಡಾರ ಹಚ್ಚಿಕೊಂಡು ಬಂದು, "ಬಲಕ್ಕ ಕೊಟ್ಟಾನ," ಎಂದ. ನಾನು ಕುಣಿದಾಡಿದೆ. ಲಾತೂರಿಗೆ ಹೋದೆ.

ಅಲ್ಲಿಂದ ಮುಂದಿನದನ್ನು ಹೇಳಿದ್ದೇನೆ. ಒಂದೊಂದು ಅವಮಾನವಾದಾಗಲೂ ರಜೆಗೆ ಊರಿಗೆ ಬಂದು ಅಪ್ಪನ ಮುಂದೆ ದೇವರಿಗೆ ಬೈಯುತ್ತಿದ್ದೆ. "ಕುರಿ ಕಾಯೋ ದ್ಯಾವ್ರಿಗಿ ಕಾಲೇಜಿನ ಉಸಾಬರಿ ಯಾಕ ಬೇಕಿತ್ತು? ಕುರಿ ಅಟ್ಟಿದಂಗ ನಂಗೂ ಅಟ್ಟಿಬಿಟ್ಟಾ!" ಎನ್ನುತ್ತಿದ್ದೆ. ಅಪ್ಪ ಕಂಬಳಿಯ ಎಳೆ ಕೀಳುತ್ತಾ ಸುಮ್ಮನೆ ಕೂತಿರುತ್ತಿದ್ದ. ಮನೆಯಿಂದ ಹೊರಡುವಾಗ ಅವ್ವ ಭಂಡಾರದ ಪೊಟ್ಟಣ ಕೊಟ್ಟರೆ ಬ್ಯಾಗಿನ ತಳಕ್ಕೆ ತುರುಕುತ್ತಿದ್ದೆ. ಹಣೆಗೆ ಹಚ್ಚುತ್ತಿರಲಿಲ್ಲ.

ಹೋದ ವರ್ಷದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಯೆಣೆಗೂರಿನಿಂದ ಫೋನು ಬಂತು. ಹೆದ್ದಾರಿಯ ಪಕ್ಕದ ಧಾಬಾದಲ್ಲಿ ಅಡುಗೆಯವರೊಬ್ಬರು ಎದೆ ಹಿಡಿದುಕೊಂಡು ಕುಸಿದಿದ್ದರು. ನಮ್ಮ ಡ್ರೈವರ್ ದತ್ತು ಮಾಮಾ ವಯಸ್ಸಾದವರು, ಮರಾಠಿಯವರು. ಗಾಡಿ ಓಡಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಇಬ್ಬರೇ ಹೋದೆವು. ಅಡುಗೆಯವರ ಹೆಸರು ಶರಣಪ್ಪ, ಐವತ್ತರ ಆಸುಪಾಸು. ರೊಟ್ಟಿಯ ಹಿಟ್ಟು ನಾದುತ್ತಿದ್ದವರು ಹಾಗೇ ಬಿದ್ದಿದ್ದರು. ಮೊಣಕೈವರೆಗೆ ಹಿಟ್ಟು. ಬೆವರಿನಲ್ಲಿ ಅಂಗಿ ತೊಯ್ದು ಮೈಗೆ ಅಂಟಿತ್ತು. ಧಾಬಾದ ಮಾಲೀಕರು ಗಲ್ಲಾ ಬಿಟ್ಟು ಬರುವಂತಿರಲಿಲ್ಲ, ಮನೆಯವರು ಹೊಲಕ್ಕೆ ಹೋಗಿದ್ದರು. ಹಿಂದೆ ರೋಗಿಯ ಜೊತೆ ನಾನೊಬ್ಬಳೇ ಹತ್ತಿದೆ.

ಅದು ಹೃದಯಾಘಾತ ಎಂದು ನನಗೆ ಕಂಡ ಕೂಡಲೇ ಗೊತ್ತಾಗಿತ್ತು. ಅಂಥವರಿಗೆ ಅಗಿಯಲು ಕೊಡುವ ಗುಳಿಗೆ ನನ್ನ ಡಬ್ಬದಲ್ಲೇ ಇತ್ತು. ಆದರೆ ಡಾಕ್ಟರ ಮಾತಿಲ್ಲದೆ ಅಟೆಂಡಂಟ್ ಒಂದು ಗುಳಿಗೆಯನ್ನೂ ಮುಟ್ಟಬಾರದು ಎಂದು ಆಸ್ಪತ್ರೆಯ ಮ್ಯಾನೇಜರು ಲಿಖಿತ ಆದೇಶ ಹೊರಡಿಸಿದ್ದರು. ಡಾಕ್ಟರಿಗೆ ಫೋನು ಹಚ್ಚಿದೆ. ಎತ್ತಲಿಲ್ಲ. ಅವರು ಆಪರೇಷನ್‌ನಲ್ಲಿದ್ದರೆಂದು ಆಮೇಲೆ ತಿಳಿಯಿತು. ಮತ್ತೆ ಹಚ್ಚಿದೆ. "ಅಗ ಮಾಯಾ, ಫೋನ್ ಲಾಗತ್ ನಾಹಿ ಕಾ?" ಎಂದು ದತ್ತು ಮಾಮಾ ಮುಂದಿನಿಂದ ಕೂಗಿದರು, ಫೋನು ಹತ್ತುತ್ತಿಲ್ಲವೇ ಎಂದು. ಮೂರನೆಯ ಸಲ ಹಚ್ಚಿದೆ.

ಅಷ್ಟರಲ್ಲಿ ಶರಣಪ್ಪನವರು ನನ್ನ ಕೈ ಹಿಡಿದುಕೊಂಡರು. "ತಂಗಿ, ನೀ ಡಾಕ್ಟರ ಏನು?" ಎಂದರು.

"ಅಲ್ರಿ."

"ಸಿಸ್ಟರ?"

"ಅಲ್ರೀ ಕಾಕಾ. ಮಾತಾಡಬ್ಯಾಡ್ರಿ, ಉಸರ ಎಳೀರಿ."

"ಮತ್ತ ಯಾರ ಅದಿ?"

ಇಡೀ ಜನ್ಮದಲ್ಲಿ ಯಾರೂ ನನ್ನನ್ನು ಅಷ್ಟು ಸರಳವಾಗಿ ಕೇಳಿರಲಿಲ್ಲ. "ನಿಮ್ಮ ಜೋಡಿ ಬಂದೀನ್ರಿ," ಎಂದೆ. ಜೊತೆಗೆ ಬಂದವಳು ಎಂದಷ್ಟು ಹೇಳಿ ನಾಚಿಕೆಯಿಂದ ಮುಖ ತಿರುಗಿಸಿಕೊಂಡೆ. ಅವರು ಮಾತ್ರ, "ಹಾಂ, ಜೋಡಿ ಇರು," ಎಂದು ಕಣ್ಣು ಮುಚ್ಚಿದರು.

ಆದೇಶ ಹಾಳಾಗಿ ಹೋಗಲಿ ಎಂದು ಡಬ್ಬ ತೆರೆಯುವ ಹೊತ್ತಿಗೆ ಅವರಿಗೆ ಗುಳಿಗೆ ಅಗಿಯುವ ಎಚ್ಚರ ಉಳಿದಿರಲಿಲ್ಲ. ಉಸಿರು ನಿಂತಿತು. ಉಮರ್ಗಾ ಮುಟ್ಟುವವರೆಗೆ ಎದೆ ಒತ್ತಿದೆ. ನನ್ನ ಮೊಣಕಾಲು ಗಾಡಿಯ ತಗಡಿಗೆ ಬಡಿದು ನೆತ್ತರು ಬಂದದ್ದು ಇಳಿದಾಗಲೇ ಕಂಡದ್ದು. ಆಸ್ಪತ್ರೆಯಲ್ಲಿ ಡಾಕ್ಟರು ಬಹಳ ಹೊತ್ತು ಪ್ರಯತ್ನಪಟ್ಟರು. ಆಮೇಲೆ ಗಡಿಯಾರ ನೋಡಿ ಕೈ ತೆಗೆದರು.

ಹೆಣವನ್ನು ಒಂದು ಬದಿಗೆ ಸರಿಸಿಟ್ಟರು. ಎಲ್ಲರೂ ಮುಂದಿನ ರೋಗಿಯ ಕಡೆ ಹೋದರು. ನನ್ನ ಅಂಗೈಗೆ ಹಿಟ್ಟು ಅಂಟಿ ಒಣಗಿತ್ತು, ಶರಣಪ್ಪನವರ ಕೈಗೂ ಹಾಗೇ. ಒಂದು ಬಟ್ಟಲಲ್ಲಿ ನೀರು ತಂದು ಅವರ ಎರಡೂ ಕೈ ತೊಳೆದೆ. ಉಗುರಿನ ಸಂದಿಯ ಹಿಟ್ಟನ್ನು ಹತ್ತಿಯಿಂದ ತೆಗೆದೆ. ಅದನ್ನು ಯಾರೂ ಹೇಳಿರಲಿಲ್ಲ, ಕೋರ್ಸಿನಲ್ಲಿ ಕಲಿಸಿಯೂ ಇರಲಿಲ್ಲ. ನನಗೆ ಮಾಡಲು ಬೇರೆ ಏನೂ ಉಳಿದಿರಲಿಲ್ಲ, ಅಷ್ಟೇ.

ಗುಳಿಗೆ ಮೊದಲೇ ಕೊಟ್ಟಿದ್ದರೆ ಬದುಕುತ್ತಿದ್ದರೇ ಎಂದು ಮರುದಿನ ಡಾಕ್ಟರನ್ನು ಕೇಳಿದೆ. ಅವರು ಒಳ್ಳೆಯವರು, ಸುಳ್ಳು ಹೇಳಲಿಲ್ಲ. ಬದುಕುತ್ತಿದ್ದರು ಎಂದು ಹೇಳಲಾರೆ, ಇಲ್ಲ ಎಂದೂ ಹೇಳಲಾರೆ ಎಂದರು. ಆ ಮಾತು ನನ್ನೊಳಗೆ ಮುಳ್ಳಿನ ಹಾಗೆ ಕೂತುಬಿಟ್ಟಿತು. ಊಟಕ್ಕೆ ಕೂತರೆ ಜೋಳದ ರೊಟ್ಟಿ ಮುರಿಯಲಾಗುತ್ತಿರಲಿಲ್ಲ. ಹಿಟ್ಟಿನ ವಾಸನೆ ಬಂದರೆ ಎದ್ದು ಹೋಗುತ್ತಿದ್ದೆ. ಗಾಡಿಯ ಕರೆ ಬಂದಾಗಲೆಲ್ಲ ಮೊದಲು ಡಬ್ಬ ತೆರೆದು ಗುಳಿಗೆ ಇದೆಯೇ ಎಂದು ನೋಡುತ್ತಿದ್ದೆ. ನರ್ಸಿಂಗ್ ಓದಿದ್ದರೆ ಆ ಗುಳಿಗೆ ಕೊಡುವ ಧೈರ್ಯವಾದರೂ ಇರುತ್ತಿತ್ತು, ನನ್ನನ್ನು ಈ ದಾರಿಗೆ ಹಚ್ಚಿದ ಬೀರಪ್ಪನೇ ಆ ಮನುಷ್ಯನನ್ನೂ ಕೊಂದ ಎಂದು ಒಬ್ಬಳೇ ಬಡಬಡಿಸಿದ್ದೇನೆ. ಅದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಆದರೆ ಅಂದಿದ್ದು ನಿಜ.

ಹದಿನೈದು ದಿನದ ಮೇಲೆ ಶರಣಪ್ಪನವರ ಹೆಂಡತಿ ಆಸ್ಪತ್ರೆಗೆ ಬಂದರು. ಗಾಡಿಯಲ್ಲಿ ಯಾರಿದ್ದರು ಎಂದು ಕೇಳುತ್ತಿದ್ದರಂತೆ. ಮ್ಯಾನೇಜರಿಗೆ ಭಯವಾಯಿತು. "ಅರ್ಜಿ ಗಿರ್ಜಿ ಹಾಕ್ಲಿಕ್ಕಿ ಬಂದಿರ್ಬೇಕು. ನೀ ಆಕಿ ಕಣ್ಣಿಗಿ ಬೀಳಬ್ಯಾಡ," ಎಂದು ನನ್ನನ್ನು ಸಿಲಿಂಡರ್ ಇಡುವ ಕೋಣೆಗೆ ಕಳಿಸಿದರು. ನಾನು ಹೋದೆ. ಹೋಗಲಾರೆ ಎನ್ನಲಿಲ್ಲ. ಕಿಟಕಿಯ ಸಂದಿಯಿಂದ ನೋಡಿದರೆ ಹಸಿರು ಸೀರೆಯ ಒಬ್ಬ ಹೆಂಗಸು ಬೆಂಚಿನ ತುದಿಗೆ ಕೂತಿದ್ದರು, ಕೈಯಲ್ಲಿ ಆಸ್ಪತ್ರೆಯ ಚೀಟಿ. ಸಂಜೆಯ ಬಸ್ಸಿಗೆ ಎದ್ದು ಹೋದರು. ಆಮೇಲೆ ಮತ್ತೆ ಎರಡು ಸಲ ಬಂದರು. ಎರಡೂ ಸಲ ನಾನು ಅದೇ ಕೋಣೆಯಲ್ಲಿದ್ದೆ.

ಆ ದಿನಗಳಲ್ಲೇ ಉದಗೀರದ ನರ್ಸಿಂಗ್ ಕಾಲೇಜಿಗೆ ಅರ್ಜಿ ಹಾಕಿದ್ದೆ. ಶ್ರಾವಣದಲ್ಲಿ ಪಟ್ಟಿಯಲ್ಲಿ ಹೆಸರು ಬಂತು. ಶನಿವಾರದೊಳಗೆ ಹೋಗಿ ಹೌದು ಎನ್ನಬೇಕು, ಇಲ್ಲವಾದರೆ ಸೀಟು ಮುಂದಿನವರಿಗೆ. ಖುಷಿಯಾಗಬೇಕಿತ್ತು, ಆಗಲಿಲ್ಲ. ಹದಿನೆಂಟರ ಹುಡುಗಿಯರ ನಡುವೆ ಕೂತು ಮೊದಲಿಂದ ಕಲಿಯುವುದು, ಮತ್ತೆ ಮೂರು ವರ್ಷ. ಅದೂ ಕೈಕೊಟ್ಟರೆ? ಒಂದು ಸಲ ಸುಟ್ಟುಕೊಂಡವಳಿಗೆ ಹೆಜ್ಜೆ ಎತ್ತಲು ಧೈರ್ಯವಿರಲಿಲ್ಲ. ಎಷ್ಟು ಬೈದರೂ ಕೊನೆಗೆ ಮನಸ್ಸು ಓಡಿದ್ದು ಅವನ ಹತ್ತಿರವೇ. ಈ ಸಲವಾದರೂ ಸರಿಯಾಗಿ ಹೇಳು ಎಂದು ಕೇಳಿಸಬೇಕು, ಎಡವಟ್ಟಾದರೆ ಇನ್ನು ಈ ಜನ್ಮದಲ್ಲಿ ಅವನ ಗುಡಿ ತುಳಿಯಬಾರದು ಎಂದು ನಿಶ್ಚಯಿಸಿ ರವಿವಾರ ಉಮರ್ಗಾದಿಂದ ನಿಲಂಗಾ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಊರಿಗೆ ಹೋದೆ.

ಅಪ್ಪ ಗುಡಿಯ ಹಿಂದಿನ ಬೇವಿನ ಕೆಳಗೆ ಒಂದು ಕುರಿಯ ಗೊರಸು ಕೆರೆಯುತ್ತಿದ್ದ. ನಾನು ಹೇಳಿದ್ದಕ್ಕೆ ಪೂಜಾರಿ ಕಾಕಾ ಹೂವು ನೆನೆಹಾಕಿ ಸಿದ್ಧವಾಗಿದ್ದರು. "ಅಪ್ಪಾ, ಏಳು. ಕೌಲ ಕೇಳು. ನೌಕರಿ ಬಿಟ್ಟು ನರ್ಸಿಂಗ್‌ಗಿ ಹೋಗ್ಲೇನು ಅಂತ ಕೇಳು," ಎಂದೆ.

"ನಾ ಕೇಳಂಗಿಲ್ಲವ್ವಾ."

"ಯಾಕ?"

"ನಾ ಕೇಳಂಗಿಲ್ಲ. ನನ್ನ ತಮ್ಮಗ ಕೇಳಂತ ಹೇಳು."

"ಮನಿ ಹಿರ್ಯಾ ನೀನು. ಅವತ್ತ ಕೇಳಿದಾಂವ ನೀನು. ಇವತ್ತ ಏನಾಗ್ಯಾದ?"

ಅವನು ಕುರಿಯ ಕಾಲು ಬಿಟ್ಟ. ಅದು ಕುಂಟುತ್ತಾ ಓಡಿತು. ಕುಡಗೋಲನ್ನು ಕಂಬಳಿಗೆ ಒರೆಸಿ, ಮತ್ತೆ ಒರೆಸಿ, ನನ್ನ ಮುಖ ನೋಡದೆ ಹೇಳಿದ. "ಅವತ್ತ ನಾ ಅದು ಕೇಳೇ ಇಲ್ಲವ್ವಾ."

ನನಗೆ ಅರ್ಥವಾಗಲಿಲ್ಲ.

"ಹಾದ್ಯಾಗ ಒಬ್ಬಾಂವ ನಿಂದ್ರಿಸಿ ಕುರಿಗಿ ಬ್ಯಾನಿ ಬಂದದ ಅಂತ ಮಾತಿಗಿ ಹಚ್ಚಿದಾ. ಗುಡಿಗಿ ಹೋಗಿ ನಿಂತೆ. ಯಾವುದು ಬಲ, ಯಾವುದು ಎಡ, ಮರ್ತೇ ಹೋತು. ನರಸಿಂಗ ಬಲಕ್ಕಿತ್ತೇನು, ಆ ಇನ್ನೊಂದು ಇತ್ತೇನು. ಎರಡೂ ಹೆಸರು ಬಾಯಾಗ ಕಲಸಿ ಹೋದವು. ತಿರುಗಿ ಮನಿಗಿ ಬಂದು ಕೇಳಿದ್ರ ನೀ ನಗ್ತಿದ್ದಿ. ಈ ಪೂಜಾರಿ ಹೂವ ಹಚ್ಚಿ ನಿಂತಿದ್ರು."

"ಮತ್ತ ಏನ್ ಕೇಳ್ದಿ?"

"ಕೂಸು ಮನಿ ಬಿಟ್ಟು ಹೊಂಟದ. ಎಲ್ಲಿ ಹೋದ್ರೂ ಒಬ್ಬಾಕಿ ಆಗಬಾರ್ದು. ನೀ ಜೋಡಿ ಇರ್ತಿ ಏನು ಅಂತ ಕೇಳ್ದೆ. ಬಲಕ್ಕ ಕೊಟ್ಟಾ."

ಪೂಜಾರಿ ಕಾಕಾ ಹೂವಿನ ಬಟ್ಟಲು ಹಿಡಿದು ಹಾಗೇ ನಿಂತಿದ್ದರು.

"ಹೇಳ್ಬೇಕಂತ ಎಷ್ಟೋ ಸಲ ಅನಿಸ್ತು," ಎಂದ ಅಪ್ಪ. "ಕೇಳಿದ್ದು ಹೇಳಿದ್ರ ಕೌಲ ಹೋಗ್ತದ. ಅಂವಾ ನಿನ್ನ ಜೋಡಿ ಇರೋದು ಬಿಟ್ರ ಹೆಂಗ ಅಂತ ಅಂಜಿದೆ. ನೀ ಅಂವಗ ಬೈತಿದ್ದಿ. ನಾ ಸುಮ್ನ ಕುಂತಿರ್ತಿದ್ದೆ. ನನ್ನ ಪಾಲಿನ ಬೈಗಳ ಅಂವಾ ತಿಂದಾನ."

ನಗಬೇಕಿತ್ತೇನೋ. ನನಗೆ ಬಂದದ್ದು ಸಿಟ್ಟು, ಮೈಯೆಲ್ಲ ಉರಿಯುವ ಸಿಟ್ಟು. ಎಂಟು ವರ್ಷ! ಕುರಿಮಂದೆಯಲ್ಲಿ ಒಂದೊಂದರ ಮುಖ ಗುರುತಿಟ್ಟುಕೊಳ್ಳುವ ಮನುಷ್ಯನಿಗೆ ಮಗಳ ಬದುಕಿನ ಎರಡು ಹೆಸರು ನೆನಪಿರಲಿಲ್ಲ. ಅಪ್ಪನಿಗೆ ಏನೇನು ಅಂದೆನೋ ಅದನ್ನು ಇಲ್ಲಿ ಬರೆಯುವುದಿಲ್ಲ. ಅವನು ಒಂದಕ್ಕೂ ಎದುರಾಡಲಿಲ್ಲ. ಮರುದಿನ ಬೆಳಿಗ್ಗೆ ಅವನ ಜೊತೆ ಮಾತಾಡದೆ ಬಸ್ಸು ಹತ್ತಿದೆ. ಬಸ್ ಸ್ಟ್ಯಾಂಡಿನವರೆಗೆ ಹಿಂದೆ ಹಿಂದೆ ಬಂದು, ಕಿಟಕಿಯ ಕೆಳಗೆ ನಿಂತು, ಬಸ್ಸು ಹೊರಟ ಮೇಲೂ ನಿಂತೇ ಇದ್ದ.

ನಿಲಂಗಾ ಬರುವ ಹೊತ್ತಿಗೆ ಸಿಟ್ಟು ಇಳಿಯಿತು. ದೇವರು ಆರಿಸಿರಲಿಲ್ಲ. ಅಪ್ಪನೂ ಆರಿಸಿರಲಿಲ್ಲ. ಎಮರ್ಜೆನ್ಸಿಯನ್ನು ಬಲಕ್ಕೆ ಇಟ್ಟವಳು ನಾನು. ನಮ್ಮ ಗುಡಿಯಲ್ಲಿ ಬಲದ ಎಸಳೇ ಹೆಚ್ಚು ಬೀಳುತ್ತದೆ ಎಂದು ಊರಿಗೆಲ್ಲ ಗೊತ್ತು, ನನಗೂ ಗೊತ್ತಿತ್ತು. ಗುಳಿಗೆ ಕೊಡದೆ ಫೋನಿಗಾಗಿ ಕಾದವಳು ನಾನು. ಸಿಲಿಂಡರ್ ಕೋಣೆಯಲ್ಲಿ ಅಡಗಿದವಳೂ ನಾನೇ. ಇದರಲ್ಲಿ ಬೀರಪ್ಪನ ಪಾಲು ಎಷ್ಟು ಎಂದು ಹುಡುಕಿದರೆ ಒಂದೇ ಒಂದು ಮಾತು ಉಳಿಯುತ್ತಿತ್ತು, ಜೋಡಿ ಇರುತ್ತೇನೆ ಎಂಬುದು. ಎಲ್ಲಿದ್ದ ಅವನು? ನಾನಂತೂ ಕಂಡಿರಲಿಲ್ಲ.

ಉಮರ್ಗಾದ ಬಸ್ಸಿಗೆ ಕಾಯುತ್ತಿದ್ದಾಗ ದತ್ತು ಮಾಮಾನ ಫೋನು ಬಂತು. ಆ ಯೆಣೆಗೂರಿನ ಹೆಣ್ಣುಮಗಳು ಬೆಳಿಗ್ಗೆಯೇ ಮತ್ತೆ ಬಂದು ಹೋದಳು, ನಾಲ್ಕನೇ ಸಲ, ನನ್ನ ಕೈಲಿ ಸುಳ್ಳು ಹೇಳೋದು ಆಗೋದಿಲ್ಲ ಮಾಯಾ ಎಂದರು. "ಮನಿ ಎಲ್ಲಿ ಅಂತ ಕೇಳ್ಕೊಂಡೀರೇನು ಮಾಮಾ?" ಎಂದೆ. ಕೇಳಿಕೊಂಡಿದ್ದರು. ಉಮರ್ಗಾದಲ್ಲಿ ಇಳಿದವಳು ಆಸ್ಪತ್ರೆಗೆ ಹೋಗದೆ ಸೋಲಾಪುರದ ಕಡೆಯ ಬಸ್ಸು ಹತ್ತಿದೆ. ಕಂಡಕ್ಟರ್ ಎಲ್ಲಿಗೆ ಎಂದಾಗ ಯೆಣೆಗೂರು ಎಂದೆ. ಬಯ್ಯಲಿ, ಅರ್ಜಿ ಹಾಕಲಿ, ಹೊಡೆದರೂ ಹೊಡೆಯಲಿ, ಗುಳಿಗೆಯ ವಿಷಯ ಹೇಳಿಬಿಡಬೇಕು ಎಂದಷ್ಟೇ ಗಟ್ಟಿಮಾಡಿಕೊಂಡಿದ್ದೆ.

ಧಾಬಾದ ಹಿಂದಿನ ಓಣಿಯಲ್ಲಿ ಮನೆ. ಅವರ ಹೆಸರು ಕಸ್ತೂರಿಬಾಯಿ. ಅಂಗಳದಲ್ಲಿ ತೊಗರಿಬೇಳೆ ಹಸನು ಮಾಡುತ್ತಾ ಕೂತಿದ್ದರು. ಹಣೆಯಲ್ಲಿ ವಿಭೂತಿ. ನಾನು ಯಾರೆಂದು ಹೇಳಿದೆ. ಮೊರ ಕೆಳಗಿಟ್ಟರು. ಅವರು ಮಾತಾಡುವ ಮುಂಚೆ ನಾನೇ ಎಲ್ಲ ಸುರಿದುಬಿಟ್ಟೆ. ಗುಳಿಗೆ ಇತ್ತು, ಕೊಡಲಿಲ್ಲ, ಫೋನಿಗೆ ಕಾದೆ, ನೀವು ಬಂದಾಗ ಅಡಗಿದೆ. ನಿಂತೇ ಹೇಳಿದೆ, ಕೂಡಲು ಧೈರ್ಯವಿರಲಿಲ್ಲ.

"ಗುಳಿಗಿ ಗಿಳಿಗಿ ನಂಗ ತಿಳಿಯಂಗಿಲ್ಲ ತಂಗಿ," ಎಂದರು. "ನೀ ಅವ್ರ ಜೋಡಿ ಹಿಂದ ಕುಂತಿದ್ದೇನು? ಇಡೀ ದಾರಿ?"

"ಹೂನ್ರಿ."

ಒಳಗೆ ಹೋಗಿ ಚೀಟಿ ತಂದು ನನ್ನ ಕೈಗಿಟ್ಟರು. ನಮ್ಮ ಗಾಡಿಯ ಚೀಟಿ. ಅದರಲ್ಲಿ ರೋಗಿಯ ಹೆಸರಿಗೆ ಜಾಗ ಇದೆ, ಡಾಕ್ಟರ ಹೆಸರಿಗೆ ಇದೆ, ಡ್ರೈವರ ಹೆಸರಿಗೆ ಇದೆ. ಅಟೆಂಡಂಟಿಗೆ ಇಲ್ಲ. ಡಾಕ್ಟರ ಜಾಗದಲ್ಲಿ ಅಂದು ಗೆರೆ ಎಳೆದಿದ್ದರು. "ಕಲಿತವರ ಕೈಲಿ ಓದಿಸಿದೆ," ಎಂದರು. "ಡ್ರೈವರ್ ಒಬ್ಬನ ಇದ್ದಾ, ಹಿಂದ ಯಾರೂ ಇರ್ಲಿಲ್ಲ ಅಂದ್ರು. ಸ್ಟ್ರೆಚರ್ ಹಿಡಿದ ಹುಡುಗಿ ಹಿಂದ ಕುಂತ್ಲೋ ಮುಂದ ಕುಂತ್ಲೋ ನೋಡಿಲ್ಲ ಅಂದ್ರು ಧಾಬಾದವರು. ಮುಚ್ಚಿದ ಗಾಡ್ಯಾಗ ಒಬ್ರ ಒದ್ದಾಡಿ ಹೋದ್ರಲ್ಲ ಅಂತ ನನ್ನ ಜೀವ... ಆದ್ರ ಒಂದು ತಿಳೀಲಿಲ್ಲ ತಂಗಿ. ಬಿದ್ದಾಗ ಕೈತುಂಬ ಹಿಟ್ಟಿತ್ತಂತ ಧಾಬಾದವರು ಅಂದ್ರು. ಮನಿಗಿ ತಂದಾಗ ಉಗರ ಸಂದ್ಯಾಗೂ ಇರ್ಲಿಲ್ಲ. ಹಂಗ ತೊಳೀಬೇಕಂದ್ರ ಯಾರಾರ ಇರ್ಬೇಕಲ್ಲ? ಅದಕ್ಕ ಕೇಳ್ಲಿಕ್ಕಿ ಬರ್ತಿದ್ದೆ. ಅವ್ರ ಕೈ ಯಾರು ತೊಳ್ದಾರ?"

"ನಾನ್ರಿ," ಎಂದೆ.

ಕಸ್ತೂರಿಬಾಯಿ ನನ್ನ ಎರಡೂ ಕೈ ಹಿಡಿದುಕೊಂಡರು, ಅಂದು ಅವರ ಯಜಮಾನರು ಹಿಡಿದ ಹಾಗೆಯೇ. ಗಂಡ ಸತ್ತ ದಿನದಿಂದ ಆಕೆ ಅತ್ತಿರಲಿಲ್ಲವಂತೆ, ಪಕ್ಕದ ಮನೆಯವರು ಆಮೇಲೆ ಹೇಳಿದರು. ಅಂದು ಅತ್ತರು. ನಾನೂ ಅತ್ತೆ. ಜೋಡಿ ಇರು ಎಂದು ಶರಣಪ್ಪನವರು ಕೊನೆಗೆ ಹೇಳಿದ್ದನ್ನೂ ಹೇಳಿದೆ. ಅದನ್ನು ಆಕೆ ಎರಡು ಸಲ ಹೇಳಿಸಿಕೊಂಡರು.

ಒಣಗಿದ ಹೂವು ಅರಳಿದಂಥ ಪವಾಡವಲ್ಲ ಇದು, ಸತ್ತವರು ಎದ್ದು ಬರಲಿಲ್ಲ. ಗುಳಿಗೆಯ ಮುಳ್ಳು ಇಂದಿಗೂ ಒಳಗಿದೆ, ಅದು ಹೋಗುವುದೂ ಬೇಡ. ಆದರೆ ತಿರುಗಿ ಬರುವ ಬಸ್ಸಿನಲ್ಲಿ ಕೂತಾಗ ಅಪ್ಪನ ಕೌಲು ಮೊದಲ ಸಲ ನನ್ನ ತಲೆಗೆ ಹತ್ತಿತು. ಆ ಗಾಡಿಯಲ್ಲಿ ಶರಣಪ್ಪನವರಿಗೆ ಬಂದದ್ದನ್ನು ತಪ್ಪಿಸಲು ನನ್ನಿಂದ ಆಗಲಿಲ್ಲ. ಪಕ್ಕದಲ್ಲಿದ್ದೆ, ಅಷ್ಟೇ. ಚೀಟಿಯಲ್ಲಿ ನನ್ನ ಹೆಸರೂ ಇರಲಿಲ್ಲ. ಅಷ್ಟಕ್ಕೇ ಒಬ್ಬ ಹೆಣ್ಣುಮಗಳು ನಾಲ್ಕು ಸಲ ಬಸ್ಸು ಹತ್ತಿ ಹುಡುಕಿಕೊಂಡು ಬಂದಿದ್ದಳು. ನನ್ನ ಎಂಟು ವರ್ಷದಲ್ಲಿ ಬೀರಪ್ಪನೂ ಹಾಗೇ ಇದ್ದಿರಬೇಕು, ಯಾವ ಕಾಗದದಲ್ಲೂ ಹೆಸರಿಲ್ಲದೆ. ನಾನು ಅವನನ್ನು ಹುಡುಕುವ ಬದಲು ಬೈಯುತ್ತಾ ಕೂತಿದ್ದೆ. ಬ್ಯಾಗಿನ ತಳದಿಂದ ಭಂಡಾರದ ಪೊಟ್ಟಣ ತೆಗೆದು ಅಲ್ಲೇ ಬಸ್ಸಿನಲ್ಲೇ ಹಣೆಗೆ ಹಚ್ಚಿಕೊಂಡೆ.

ಶುಕ್ರವಾರ ಉದಗೀರಕ್ಕೆ ಹೋಗಿ ಸೀಟಿಗೆ ಹೌದು ಎಂದು ಬರೆದುಕೊಟ್ಟೆ. ಕೌಲು ಕೇಳಿಸಲಿಲ್ಲ, ನಾನೇ ಆರಿಸಿದೆ. ಹಿಂದಿನ ಕೆಲಸ ಏನೆಂದು ಅಲ್ಲಿನ ಗುಮಾಸ್ತರು ಕೇಳಿದಾಗ "ಆಂಬುಲೆನ್ಸಿನಲ್ಲಿ ಅಟೆಂಡಂಟ್" ಎಂದು ಅವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. ಓದು ಸುಲಭವಿಲ್ಲ. ಸಹಪಾಠಿಗಳು ನನ್ನನ್ನು ಅಕ್ಕಾ ಎಂದು ಕರೆದು ಹಿಂದಿನ ಬೆಂಚಿಗೆ ಕೂಡಿಸುತ್ತಾರೆ. ಓದಿದ್ದು ತಲೆಯಲ್ಲಿ ನಿಲ್ಲದ ದಿನ ಅಳು ಬರುತ್ತದೆ. ಮುಂದೆ ಏನಾಗುತ್ತದೋ ಗೊತ್ತಿಲ್ಲ, ಮುಗಿಸಿ ಮತ್ತೆ ಗಾಡಿಗೇ ಹೋಗಬೇಕೆಂಬ ಆಸೆ ಇದೆ.

ಉದಗೀರದಿಂದ ಅಂದು ನೇರ ವಲಾಂಡಿಗೆ ಹೋದೆ. ಅಪ್ಪ ಅಂಗಳದಲ್ಲಿ ಕೂತಿದ್ದ. ಅವನ ಪಕ್ಕ ಹೋಗಿ ಕೂತೆ. ಇಬ್ಬರೂ ಸ್ವಲ್ಪ ಹೊತ್ತು ಕುರಿ ನೋಡಿದೆವು.

"ಈಗ ಯಾವುದಕ್ಕ ಹೊಂಟೀಯವ್ವಾ?" ಎಂದು ಅಂಜುತ್ತಲೇ ಕೇಳಿದ.

"ನರ್ಸಿಂಗ್‌ಗಿ ಅಪ್ಪಾ."

"ಅದು ಬಲದ್ದೇನು, ಎಡದ್ದೇನು?"

"ಎಡದ್ದಿತ್ತು."

ಅಪ್ಪ ತಲೆಯಾಡಿಸಿದ. "ಇರ್ಲಿ," ಎಂದ. "ಅಂವಗ ನಾ ಯಾವುದರ ಹೆಸರೂ ಹೇಳಿಲ್ಲ. ಎಲ್ಲಿ ಹೋದ್ರೂ ಅಂತ ಕೇಳೀನಿ."

ಬೀರಪ್ಪಾ, ಎಂಟು ವರ್ಷದ ನನ್ನ ಬೈಗುಳವನ್ನು ಹೊಟ್ಟೆಗೆ ಹಾಕಿಕೋ. ಒಬ್ಬಳೇ ಇದ್ದೇನೆ ಎಂದುಕೊಂಡಿದ್ದೆ. ನೀ ಇದ್ದೆಯಲ್ಲ, ಅಷ್ಟು ಸಾಕು.